ಮಾವನ ಕೆಮ್ಮು, ನನ್ನ ಕೊರಳಿನ ಕೀಲಿ

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಹತ್ತಿದ ಆಟೋ ಇಳಿದು ಮನೆಗೆ ವಾಪಸ್ ಬರುವವಳು ನಾನು. ಬಂದು ನೋಡಿ, ಆರಿದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಆಟೋ ಹತ್ತಿದ ಮೇಲೆ, ನೋಡುವ ಗಡಿಬಿಡಿಯಲ್ಲಿ ಕೈ ತಾಗಿ ಹತ್ತಿಕೊಂಡಿತೇನೋ ಎಂದು ಮತ್ತೆ ಇಳಿಯುವವಳೂ ನಾನೇ. "ಚಿಂತಿ ಮಾಡಾಕಂತ ಸರ್ಕಾರ ಒಂದು ನೌಕರಿ ಇಟ್ಟಿದ್ರ ನಮ್ಮಾಕಿ ಇಷ್ಟೊತ್ತಿಗೆ ಕಲೆಕ್ಟರ್ ಆಗಿರ್ತಿದ್ಲು" ಎಂದು ನಮ್ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ, ನಗುತ್ತಲೇ ಹಾಲು ಉಕ್ಕಿತೇ ಎಂದು ಒಳಗೆ ಕಿವಿ ಇಟ್ಟಿರುತ್ತೇನೆ.

ಇಂಥವಳ ಕೈಗೆ, ಆಂಧ್ರದ ಗಡಿಯ ನಮ್ಮ ಆದೋನಿಯ ಡಾಕ್ಟರಮ್ಮ ಅಫೀಮಿನ ಜಾತಿಯ ಗುಳಿಗೆಗಳನ್ನು ಕೊಟ್ಟು, ಇವನ್ನು ಬೀಗ ಹಾಕಿಟ್ಟು ಲೆಕ್ಕವಾಗಿ ಕೊಡುವ ಜವಾಬ್ದಾರಿ ನಿಮ್ಮದು ಎಂದರು.

ಗುಳಿಗೆ ನನಗಲ್ಲ, ನಮ್ಮ ಮಾವನವರಿಗೆ. ಮಾವನವರು ಹತ್ತಿ ವ್ಯಾಪಾರ ಮಾಡಿದವರು. ಅರಳೆಯ ಒಂದು ಎಳೆಯನ್ನು ಎರಡು ಬೆರಳಲ್ಲಿ ಜಗ್ಗಿ ನೋಡಿದರೆ ಸಾಕು, ಇದು ಆಸ್ಪರಿ ಕಡೆಯ ಮಾಲು, ಇದಕ್ಕೆ ತೂಕ ಬರಲೆಂದು ನೀರು ಹೊಡೆದಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಆಯುಷ್ಯ ಕಳೆದ ಆ ಬೆನ್ನು, ವ್ಯಾಪಾರವನ್ನು ಮಗನ ಕೈಗೆ ಕೊಟ್ಟ ಮೇಲೆ ಮುಷ್ಕರ ಹೂಡಿತು. ಬೆನ್ನುಹುರಿ ಹಾದುಹೋಗುವ ದಾರಿ ಇಕ್ಕಟ್ಟಾಗಿದೆಯಂತೆ, ನರ ಒತ್ತುತ್ತದಂತೆ. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದ ಹಾಗೆ ನೋವು. ಆಪರೇಷನ್ ಮಾಡೋಣವೆಂದರೆ ಹೃದಯ ಒಪ್ಪುವುದಿಲ್ಲ. ಸಾದಾ ನೋವಿನ ಗುಳಿಗೆಗಳನ್ನು ಮಾರ್ಕೆಟ್ಟಿನಲ್ಲಿ ಸಿಕ್ಕ ಸಿಕ್ಕವರ ಸಲಹೆಯಂತೆ ನುಂಗಿ ನುಂಗಿ ಕಿಡ್ನಿಗೂ ಪೆಟ್ಟಾಗಿತ್ತು. ಉಳಿದದ್ದು ಈ ಗಟ್ಟಿ ಗುಳಿಗೆಯ ದಾರಿ.

ಡಾಕ್ಟರಮ್ಮ ಅದನ್ನು ಸುಮ್ಮನೆ ಬರೆದುಕೊಡಲಿಲ್ಲ. ಹೆಣ್ಣು ನೋಡಲು ಬಂದವರೂ ಅಷ್ಟು ವಿಚಾರಿಸುವುದಿಲ್ಲ. ಅವರ ಮನೆಮಾತು ತೆಲುಗು. ನಮ್ಮಂಥವರ ಜೊತೆ ಮಾತಾಡಿ ಕನ್ನಡ ಕಲಿತವರು, ಎರಡನ್ನೂ ಒಂದೇ ಉಸಿರಲ್ಲಿ ಬೆರೆಸುತ್ತಾರೆ. ಮಾವನವರನ್ನು ಕರೆಯುವುದು ಪೆದ್ದಾಯನಾ, ಅಂದರೆ ಹಿರಿಯರೇ, ಎಂದು.

"ಪೆದ್ದಾಯನಾ, ನೋವು ಪೂರ್ತಿ ಹೋಗಂಗಿಲ್ಲ, ಅದು ಮೊದಲೇ ಹೇಳ್ತೀನಿ. ಸ್ವಲ್ಪ ಕಡಿಮೆ ಆದ್ರೆ ಏನು ಮಾಡಬೇಕಂತ ನಿಮಗೆ ಆಸೆ ಉಂದಿ?"

ಮಾವನವರು ತಡಮಾಡಲಿಲ್ಲ. "ಮುಂಜಾನಿ ಪೂಜಿಗೆ ಕುಂದ್ರಬೇಕ್ರಿ. ಕೈಯಾಗ ಲಿಂಗ ಹಿಡಕೊಂಡು ನೆಟ್ಟಗ ಕುಂದ್ರಬೇಕು. ಈಗ ಮಲಗಿದಲ್ಲೇ ಕೈ ಮುಗದು ಬಿಡಾಕತ್ತೀನಿ. ಅದು ಪೂಜಿ ಅಲ್ಲ."

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಆಮೇಲೆ ಕೇಳಿದರು, "ನಿಮಗೆ ಗಾನಿ, ನಿಮ್ಮ ಅಣ್ಣತಮ್ಮಂದಿರಿಗೆ ಗಾನಿ, ಕುಡಿಯೋ ಅಲವಾಟು, ಚಟ, ಉಂದಾ?"

"ಏನ್ ಕೇಳ್ತೀರಮ್ಮಾ?" ಮಾವನವರ ದನಿ ಏರಿತು. "ನಾವು ಲಿಂಗ ಕಟ್ಟಿದ ಮಂದಿ!"

ನಾನು ಅವರ ಬೆನ್ನ ಹಿಂದೆ ನಿಂತು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಮಾವನವರ ತಮ್ಮ, ನಮ್ಮ ಚಿಕ್ಕಮಾವ, ಕಾಮಾಲೆಯಿಂದ ತೀರಿಹೋದರೆಂದು ನಮ್ಮ ಮನೆಯಲ್ಲಿ ಹೇಳುತ್ತೇವೆ. ಆ ಕಾಮಾಲೆ ಯಾವ ಅಂಗಡಿಯ ಬಾಗಿಲಿನಿಂದ ಬಂತೆಂದು ಇಡೀ ಓಣಿಗೆ ಗೊತ್ತು. ಕುಡಿತದ ಚಟ ಮನೆತನದಲ್ಲಿದ್ದರೆ ಈ ಗುಳಿಗೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕೆಂದೇ ಡಾಕ್ಟರಮ್ಮ ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ತಿಳಿದು ಏನು ಬಂತು? ಮಾವನ ಎದುರು ಬಾಯಿ ಬಿಡುವ ಸೊಸೆ ನಾನಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆತನದಲ್ಲಿ ಸೊಸೆ ಮಾವನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಯಾರೂ ಬೇಡ ಎಂದಿಲ್ಲ, ಆದರೂ ಆಡುವುದಿಲ್ಲ. ಹೇಳುವುದಿದ್ದರೆ ನಡುವೆ ಇನ್ನೊಂದು ಕಿವಿ ಬೇಕು. ಮಗಳು ಚಿಕ್ಕವಳಿದ್ದಾಗ ಅವಳೇ ಆ ಕಿವಿ. "ಅಜ್ಜಗ ಊಟಕ್ಕ ಏಳ್ರಿ ಅಂತ ಹೇಳವಾ" ಎಂದು ನಾನು ಒಳಗಿನಿಂದ ಹೇಳುವುದು, "ಹಸಿವಿಲ್ಲ ಅಂತ ಹೇಳು" ಎಂದು ಅವರು ಪಡಸಾಲೆಯಿಂದ ಹೇಳುವುದು. ಕೂಸು ಅತ್ತಿತ್ತ ನೋಡುವುದಷ್ಟೇ. ಅದು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ವಿಷಯ ಮುಟ್ಟಿರುತ್ತಿತ್ತು. ಅತ್ತೆ ತೀರಿಕೊಂಡರು, ಮಗಳು ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು, ನಮ್ಮನೆಯವರು ಬೆಳಗಾದರೆ ಮಾರ್ಕೆಟ್ ಯಾರ್ಡಿನಲ್ಲಿ. ನಡುವಿನ ಕಿವಿ ಇಲ್ಲದ ಮೇಲೆ ಮಾತೂ ನಿಂತುಹೋಯಿತು. ಉಳಿದದ್ದು ಕೆಮ್ಮು.

ಮಾವನವರ ಕೆಮ್ಮಿಗೆ ಅರ್ಥಗಳಿವೆ. ಗಂಟಲಲ್ಲೇ ಸಣ್ಣಗೆ ಕೆಮ್ಮಿದರೆ ಚಹಾ. ಎರಡು ಸಲ ಒತ್ತಿ ಕೆಮ್ಮಿದರೆ ಸ್ನಾನಕ್ಕೆ ನೀರು. ಉದ್ದವಾಗಿ ಎಳೆದರೆ ಯಾರೋ ಬಂದಿದ್ದಾರೆ, ಸೆರಗು ಸರಿಮಾಡಿಕೋ. ಇಷ್ಟು ವರ್ಷದಲ್ಲಿ ನಾನು ಒಂದು ಕೆಮ್ಮನ್ನೂ ತಪ್ಪಾಗಿ ಓದಿದವಳಲ್ಲ. ಪರೀಕ್ಷೆ ಇಟ್ಟಿದ್ದರೆ ಅದರಲ್ಲಾದರೂ ಫಸ್ಟ್ ಕ್ಲಾಸ್ ಬರುತ್ತಿದ್ದೆ.

ಈ ಸಂಗತಿ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಅವರು ನಿಯಮ ಹೇಳುತ್ತಾ ಹೋದರು. ಬೆಳಿಗ್ಗೆ ಒಂದು, ಸಂಜೆ ದೀಪ ಹಚ್ಚಿದ ಮೇಲೆ ಒಂದು, ನಡುವೆ ಇಲ್ಲ. ಬೇರೆ ಡಾಕ್ಟರ ಹತ್ತಿರ ಇದೇ ಗುಳಿಗೆ ಬರೆಸಬಾರದು, ಒಂದೇ ಮೆಡಿಕಲ್ ಶಾಪು. ನಿದ್ದೆಯ ಗುಳಿಗೆ ಜೊತೆಗೆ ಬೇಡವೇ ಬೇಡ. ಗುಳಿಗೆಯ ಖಾಲಿ ಪಟ್ಟಿಗಳನ್ನು ವಾಪಸ್ ತಂದು ತೋರಿಸಬೇಕು. ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. "ಮತ್ತೆ ಇದು ಪೆದ್ದಾಯನ ಕೈಯಾಗ ಇರಬಾರದು. ಇಂಟ್ಲೋ, ಮನೆಯಾಗ, ಯಾರು ಇಟ್ಟುಕೊಂತಾರೆ?"

"ನಮ್ಮಾಕಿ ಅದಾಳಲ್ರಿ" ಎಂದರು ನಮ್ಮನೆಯವರು, ಸಂತೆಯಲ್ಲಿ ಒಳ್ಳೆಯ ಎತ್ತು ತೋರಿಸುವ ಉತ್ಸಾಹದಲ್ಲಿ. "ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡಿ, ಮತ್ತ ಬಂದು ಜಗ್ಗಿ ನೋಡಾಕಿ."

ಡಾಕ್ಟರಮ್ಮ ನನ್ನನ್ನು ನೋಡಿ ನಕ್ಕರು. "ಮಂಚಿದೇ, ಒಳ್ಳೇದೇ ಆಯ್ತು. ಭಯಪಡೋರ ಕೈಗೇ ಇದು ಕೊಡಬೇಕು."

ನನ್ನ ಜೀವನದಲ್ಲಿ ನನ್ನ ಭಯವನ್ನು ಯೋಗ್ಯತೆ ಎಂದು ಲೆಕ್ಕಕ್ಕೆ ಹಿಡಿದವರು ಅವರೊಬ್ಬರೇ. ಸ್ವಲ್ಪ ಉಬ್ಬಿಯೇ ಮನೆಗೆ ಬಂದೆ. ಗುಳಿಗೆಗಳನ್ನು ಬೀರುವಿನ ಒಳಖಾನೆಯಲ್ಲಿ, ಅತ್ತೆಯ ಬೋರಮಾಳ ಸರದ ಪಕ್ಕದಲ್ಲಿ ಇಟ್ಟೆ. ಕೀಲಿಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ನಡೆದಾಗೆಲ್ಲ ಅದು ಕಿಣಿ ಕಿಣಿ ಎನ್ನುತ್ತಿತ್ತು. ಅದು ಮುಂದೆ ಎಂಥ ಉಪದ್ವ್ಯಾಪಕ್ಕೆ ಕಾರಣವಾಗುತ್ತದೆ ಎಂದು ಚಿಂತಿಸಬೇಕಾದ ಜಾಗದಲ್ಲಿ ಮಾತ್ರ ನಾನು ಚಿಂತಿಸಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಬಹಳ ದಿನಗಳ ಮೇಲೆ ಮಾವನವರು ಮಣೆಯ ಮೇಲೆ ಕೂತರು. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ, ಎದುರಿಗೆ ಪತ್ರಿ. ನಾನು ಅಡುಗೆಮನೆಯಿಂದ ಓರೆಗಣ್ಣಲ್ಲಿ ನೋಡಿ, ಕಣ್ಣು ಒರೆಸಿಕೊಂಡು, ರೊಟ್ಟಿ ಸೀಯಿತು ಎಂದು ಓಡಿದೆ.

ಆಮೇಲೆ ಒಂದು ಮಧ್ಯಾಹ್ನ ಕೆಮ್ಮು ಬಂತು. ಚಹಾದ್ದಲ್ಲ, ನೀರಿನದ್ದಲ್ಲ. ಅರ್ಧಕ್ಕೆ ತುಂಡಾಗಿ ಕೊನೆಗೆ ಒಂದು ಸಣ್ಣ ನರಳಿಕೆ ಸೇರಿದ ಹೊಸ ಕೆಮ್ಮು. ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗದಂತೆ ನಟಿಸುವುದು ನನಗೆ ಬರುವುದಿಲ್ಲ, ಅಭ್ಯಾಸವಿಲ್ಲ. ಪಾತ್ರೆ ಜೋಡಿಸಿದೆ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಮತ್ತೆ ಕೆಮ್ಮು. ನನ್ನ ಎದೆ ಬಡಿತಕ್ಕೋ ಏನೋ ಕೊರಳಿನ ಕೀಲಿ ಕಿಣಿ ಎಂದಿತು. ಪಡಸಾಲೆ ಒಮ್ಮೆಲೇ ಸುಮ್ಮನಾಯಿತು. ಕೀಲಿಯ ಸದ್ದನ್ನು ಅವರು ಉತ್ತರ ಎಂದುಕೊಂಡರು. ಅವರು ಹಾಗೆ ಅಂದುಕೊಂಡ ಮೇಲೆ ಇಲ್ಲ ಎನ್ನುವುದು ಹೇಗೆ? ಯಾವ ಬಾಯಿಂದ? ಬೀರು ತೆರೆದೆ. ತಟ್ಟೆಯಲ್ಲಿ ಗುಳಿಗೆ, ಲೋಟದಲ್ಲಿ ನೀರು, ಅವರ ಪಕ್ಕದ ಸ್ಟೂಲಿನ ಮೇಲೆ ಇಟ್ಟು ತಲೆ ತಗ್ಗಿಸಿ ಬಂದೆ.

ಇವತ್ತೊಂದು ದಿನ ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಮಧ್ಯಾಹ್ನದ ಗುಳಿಗೆ ಹೀಗೆ ಯಾರೂ ಕೇಳದೆ, ಯಾರೂ ಕೊಡುತ್ತೇನೆನ್ನದೆ ರೂಢಿಗೆ ಬಂತು. ನನಗೆ ಊಟ ಸೇರದಾಯಿತು. ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದಲ್ಲಿ ಇಂಥ ಮದ್ದಿನ ಚಟ ಹತ್ತಿದವರು ರಸ್ತೆಯ ಮೇಲೆ ನಿಂತಲ್ಲೇ ಸೊಂಟ ಬಾಗಿ ಮುಂದಕ್ಕೆ ಜೋತಿರುವ ವಿಡಿಯೋ ಬಂತು. ನಮ್ಮ ಮಾವನವರು ಹಾಗೆ ನಿಂತದ್ದನ್ನು ಕಲ್ಪಿಸಿಕೊಂಡು ಬೆವೆತೆ. ಆಮೇಲೆ ನೆನಪಾಯಿತು, ಅವರ ಸೊಂಟ ಬಾಗುವುದೇ ಇಲ್ಲ. ಅಷ್ಟರಮಟ್ಟಿಗೆ ಸಮಾಧಾನ. ಆದರೆ ಚಿಕ್ಕಮಾವ ನೆನಪಾದರು. ಕೊನೆಕೊನೆಗೆ ಕಟ್ಟೆಯ ಮೇಲೆ ಕೂತು ಯಾರಾದರೂ ಹಾದುಹೋದರೆ ನೋಡುತ್ತಿದ್ದ ಆ ನೋಟ.

ನಮ್ಮನೆಯವರಿಗೆ ಹೇಳಿದೆ.

"ಏನ್ರಿ, ಮಾವಾರು ಮಧ್ಯಾಹ್ನ ಇನ್ನೊಂದು ಗುಳಿಗಿ ತಗೊಳ್ಳಾಕತ್ಯಾರ."

"ಕೇಳಿದ್ರೇನ?"

"ಕೇಳಿಲ್ರಿ. ಕೆಮ್ಮಿದ್ರು."

ಅವರು ಫೋನಿನಿಂದ ತಲೆ ಎತ್ತಿದರು. "ಕೆಮ್ಮಿದ್ದಕ್ಕ ನೋವಿನ ಗುಳಿಗಿ ಕೊಟ್ಟೆ? ಕೆಮ್ಮಿನ ಔಷಧಿ ಕೊಡಬೇಕಿಲ್ಲೇನು?" ಎಂದು ತಮ್ಮ ಜೋಕಿಗೆ ತಾವೇ ನಕ್ಕು, ನಾನು ನಗದಿದ್ದದ್ದು ಕಂಡು, "ನೋವೈತಲ್ಲ ಪಾಪ. ಮುದುಕ ಮನಷ್ಯಾ. ಯಾಕ ಎದಿ ಒಡಕೊಂತಿ?" ಎಂದರು. ಅದೂ ಸುಳ್ಳಲ್ಲ. ನೋವು ನಿಜವಾಗಿಯೂ ಇತ್ತು. ಕೊಡದಿದ್ದರೆ ನರಳಿಸಿದ ಪಾಪ, ಕೊಟ್ಟರೆ ಚಟ ಹತ್ತಿಸಿದ ಪಾಪ. ನಾನು ಎರಡಕ್ಕೂ ಸರಿಯಾಗಿ ಹೆದರುತ್ತಾ, ಹೆದರುತ್ತಲೇ ಕೊಡುತ್ತಾ ಹೋದೆ.

ಮಾವನವರು ಬದಲಾಗತೊಡಗಿದರು. ಪೇಪರನ್ನು ಎದೆಯ ಮೇಲೆ ಹರವಿಕೊಂಡು ತೂಕಡಿಸುವುದು. ಊಟದ ತಟ್ಟೆಯ ಮುಂದೆ ಕೈ ತೊಳೆದು, ಕೈ ತೊಳೆದದ್ದನ್ನು ಮರೆತು ಕೂತಿರುವುದು. ಹೊಟ್ಟೆ ಕಟ್ಟಿ ಸಂಕಟ. ಒಂದು ದಿನ ಪಟ್ಟಿ ನೋಡಿದರೆ, ಡಾಕ್ಟರಮ್ಮ ಬರಹೇಳಿದ ದಿನಕ್ಕೆ ಇನ್ನೂ ಬಹಳ ಇರುವಾಗಲೇ ಗುಳಿಗೆ ಮುಗಿಯುವುದಕ್ಕೆ ಬಂದಿತ್ತು.

ಅದರ ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಮಾವನವರ ಮಂತ್ರ ಗುಣುಗುಣು ಕೇಳುತ್ತಿತ್ತು. ಬರಬರುತ್ತಾ ಅದು ತೆಳ್ಳಗಾಗಿ ನಿಂತುಹೋಯಿತು. ನಾನು ಇಣುಕಿದೆ. ಮಾವನವರ ಗದ್ದ ಎದೆಗೆ ತಾಗಿತ್ತು. ಕಣ್ಣು ಮುಚ್ಚಿತ್ತು. ಎಡಗೈ ತೊಡೆಯಿಂದ ಮುಂದೆ ಜಾರಿ, ಅಂಗೈ ಮೆಲ್ಲಗೆ ವಾಲುತ್ತಿತ್ತು. ಅಂಗೈ ಮೇಲೆ ಲಿಂಗ.

ನಾನೂ ಲಿಂಗ ಕಟ್ಟಿದವಳು. ಕೈಯಿಂದ ಲಿಂಗ ಜಾರಿ ನೆಲಕ್ಕೆ ಬಿತ್ತೆಂದು ಊಟ ಬಿಟ್ಟು ಪ್ರಾಣವನ್ನೇ ಬಿಟ್ಟ ಹಿರಿಯರ ಕಥೆ ಕೇಳಿ ಬೆಳೆದವಳು. ಕಥೆಯೋ ನಿಜವೋ, ನಮ್ಮ ಮಾವನವರು ಅದನ್ನು ನಿಜವೆಂದೇ ನಂಬಿದವರು. ನನಗೆ ಸೆರಗಿಲ್ಲ, ಮಡಿಯಿಲ್ಲ, ಮುಸುರೆಯಿಲ್ಲ. ಹಿಟ್ಟಿನ ಕೈಯಲ್ಲೇ ಓಡಿಹೋಗಿ, ಕುಕ್ಕರಗಾಲಲ್ಲಿ ಕೂತು, ಅವರ ಅಂಗೈಯ ಕೆಳಗೆ ನನ್ನ ಎರಡೂ ಅಂಗೈ ಹಿಡಿದೆ. ಅವರ ಕೈ ನನ್ನ ಕೈಯಲ್ಲಿ ಕೂತಿತು. ಎಷ್ಟು ಹಗುರ! ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದ ಕೈ.

ಅವರು ಕಣ್ಣು ತೆರೆದರು. ಮದುವೆಯಾಗಿ ಬಂದಂದಿನಿಂದ ನಾನು ಅವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದವಳಲ್ಲ. ನಡುವಿನ ಕರಿಬೊಟ್ಟು ಸಾಸಿವೆಗಿಂತ ಸಣ್ಣದಾಗಿತ್ತು. ಮೊದಲು ನನ್ನ ಹಿಟ್ಟಿನ ಕೈ ನೋಡಿದರು, ಆಮೇಲೆ ಲಿಂಗ ನೋಡಿದರು. ಏನಾಯಿತು, ಏನಾಗಬೇಕಿತ್ತು ಎಂಬುದು ಅವರ ಮುಖದ ಮೇಲೆ ಒಂದೊಂದಾಗಿ ಇಳಿಯಿತು.

"ಯಾರಿಗೂ ಹೇಳಬ್ಯಾಡವಾ" ಎಂದರು.

ನಡುವೆ ಯಾರೂ ಇಲ್ಲದೆ ಮಾವನವರು ನನಗೆ ಆಡಿದ ಮೊದಲ ಮಾತು ಅದು. ಆ ಮಾತನ್ನೇ ನಾನು ಮುರಿಯಬೇಕಾಗಿತ್ತು.

ಗುಳಿಗೆ ಮುಗಿದದ್ದರಿಂದ ಹೇಳಿದ ದಿನಕ್ಕೆ ಮೊದಲೇ ದವಾಖಾನೆಗೆ ಹೋಗಬೇಕಾಯಿತು. ಹತ್ತಿಯ ಹಂಗಾಮು, ನಮ್ಮನೆಯವರಿಗೆ ಬಿಡುವಿಲ್ಲ. ನಾನು, ಮಾವನವರು ಆಟೋದಲ್ಲಿ ಹೊರಟೆವು. ಹೇಳಿದರೆ ಡಾಕ್ಟರಮ್ಮ ಗುಳಿಗೆ ನಿಲ್ಲಿಸಿಬಿಡುತ್ತಾರೆ, ಮಾವನವರು ಮತ್ತೆ ಹಾಸಿಗೆಗೆ ಬೀಳುತ್ತಾರೆ, ಪೂಜೆ ತಪ್ಪುತ್ತದೆ, ತಪ್ಪಿಸಿದವಳು ನಾನಾಗುತ್ತೇನೆ. ಹೇಳದಿದ್ದರೆ ಇನ್ನೊಂದು ಬೆಳಿಗ್ಗೆ ನಾನು ರೊಟ್ಟಿ ಮಗುಚುತ್ತಿರುವ ಹೊತ್ತಿಗೇ ಆ ಕೈ ವಾಲುತ್ತದೆ. ಕೈ ಹೋಗಲಿ, ಉಸಿರೇ ವಾಲಿಬಿಟ್ಟರೆ? ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೆನಪಿಸಿಕೊಳ್ಳುವುದನ್ನೂ ಅವತ್ತು ಮರೆತೆ. ಅಷ್ಟು ಚಿಂತೆ.

ಡಾಕ್ಟರಮ್ಮ ಖಾಲಿ ಪಟ್ಟಿಗಳನ್ನು ನೋಡಿದರು. "ಪೆದ್ದಾಯನಾ, ಬೇಗ ಮುಗಿದದೆ ಕದಾ?"

"ನಾ ಒಂದು ದಿನ ಬಾಯಿಬಿಟ್ಟು ಕೇಳಿಲ್ರಿ" ಎಂದರು ಮಾವನವರು. "ಬೇಕಾದ್ರ ಸೊಸಿನ್ನ ಕೇಳ್ರಿ."

ಅದು ಅಕ್ಷರಶಃ ನಿಜ. ಡಾಕ್ಟರಮ್ಮ ನನ್ನತ್ತ ತಿರುಗಿದರು. ನಾನು ಕ್ಯಾಲೆಂಡರ್ ನೋಡಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಕ್ಯಾಲೆಂಡರನ್ನು ನೋಡಿ, "ಸಿಸ್ಟರ್, ಪೆದ್ದಾಯನನ್ನು ಕರಕೊಂಡು ಹೋಗಿ ಬಿ.ಪಿ., ತೂಕ ನೋಡಮ್ಮಾ" ಎಂದು ಕೂಗಿದರು. ಮಾವನವರು ಕೋಲು ಊರಿ ಎದ್ದರು. ಬಾಗಿಲಲ್ಲಿ ಒಮ್ಮೆ ನಿಂತು ನನ್ನ ಕಡೆ ನೋಡಿದರು. ಕೆಮ್ಮಲಿಲ್ಲ. ಕೆಮ್ಮಿದ್ದರೆ ನಾನು ಬಹುಶಃ ಬಾಯಿ ಬಿಡುತ್ತಿರಲಿಲ್ಲ.

ಬಾಗಿಲು ಮುಚ್ಚಿತು, ನಾನು ಶುರುಮಾಡಿದೆ. ಚಿಕ್ಕಮಾವನ ಕಾಮಾಲೆಯಿಂದ ಹಿಡಿದು ಹಿಟ್ಟಿನ ಕೈಯವರೆಗೆ, ಕೆಮ್ಮುಗಳ ಅರ್ಥಸಮೇತ. ಕೆಮ್ಮಿ ತೋರಿಸಿದೆ ಕೂಡ. ಡಾಕ್ಟರಮ್ಮನಿಗೆ ನಗು ಬಂತು, ನಕ್ಕರೆ ನಾನು ಅಳುತ್ತೇನೆಂದು ತಡೆದುಕೊಂಡರು.

"ನೋಡಮ್ಮಾ" ಎಂದರು ಪೆನ್ನು ಕೆಳಗಿಟ್ಟು, "ಇಲ್ಲ ಅನ್ನಾಕ ಬಾಯಿಲ್ಲದವರ ಕೈಗೆ ನಾನು ಕೀಲಿ ಕೊಟ್ಟೀನಿ. ಇಂಟ್ಲೋ ಯಾರು ಭಯಪಡ್ತಾರೆ ಅಂತ ನೋಡಿದೆ, ಯಾರು ಯಾರಿಗೆ ಭಯಪಡ್ತಾರೆ ಅಂತ ಕೇಳಲೇ ಇಲ್ಲ."

"ಪೂರಾ ನಿಲ್ಲಿಸಿಬಿಡ್ತೀರೇನ್ರಿ?"

"ಒಮ್ಮೆಲೇ ನಿಲ್ಲಿಸಿದ್ರೆ ಮೈ ತಿರುಗಿ ಬೀಳ್ತದೆ. ಮೈಗೆ ರೂಢಿ ಆಗೋದು ಬೇರೆ, ಮನಸ್ಸು ಅದರ ಹಿಂದೆ ಓಡೋದು ಬೇರೆ. ಪೆದ್ದಾಯನದು ಇನ್ನೂ ಮೊದಲನೇದೇ ಅನ್ನಿಸ್ತದೆ, ಆದ್ರೆ ಎರಡನೇದಕ್ಕೆ ಹೋಗೋ ದಾರಿ ಅದೇ." ಮಧ್ಯಾಹ್ನದ್ದನ್ನು ತೆಗೆದು, ಉಳಿದದ್ದನ್ನು ಮೆಲ್ಲಮೆಲ್ಲಗೆ ಇಳಿಸೋಣ ಎಂದರು. ನರದ ನೋವಿಗೆ ಬೇರೆ ಸಣ್ಣ ಗುಳಿಗೆ, ಬೆನ್ನಿಗೆ ವ್ಯಾಯಾಮ, ಕೂರುವುದಕ್ಕೆ ನೆಲದ ಬದಲು ಕುರ್ಚಿ. ಇನ್ನು ಮೇಲೆ ಒಂದೊಂದು ವಾರಕ್ಕಾಗುವಷ್ಟೇ ಕೊಡುತ್ತೇನೆ ಎಂದರು. ತೂಕಡಿಸುವಾಗ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಒಂದು ಕ್ಷಣವೂ ಕಾಯದೆ ಕರೆತರಬೇಕು. "ಅವರು ಕೇಳಿದಾಗ ಇಲ್ಲ ಅನ್ನೋದು ಹೇಗೆ ಅಂತ ಮಾತ್ರ ನೀವೇ ಹುಡುಕಬೇಕಮ್ಮಾ. ಅದು ನನ್ನ ಪುಸ್ತಕದಾಗ ಇಲ್ಲ."

ಮಾವನವರು ಒಳಗೆ ಬಂದಾಗ ಡಾಕ್ಟರಮ್ಮ ನನ್ನ ಹೆಸರು ಎತ್ತಲಿಲ್ಲ. ಅವರ ಕಣ್ಣಿಗೆ ಟಾರ್ಚು ಬಿಟ್ಟು, "ಕಣ್ಣೇ ಹೇಳ್ತದೆ ಪೆದ್ದಾಯನಾ, ಕರಿಬೊಟ್ಟು ಇಷ್ಟು ಸಣ್ಣ ಆಗಿದೆ ಅಂದ್ರೆ ಗುಳಿಗೆ ಜಾಸ್ತಿ ಆಗಿದೆ" ಎಂದರು. ಹತ್ತಿಗೆ ನೀರು ಹೊಡೆದದ್ದನ್ನು ಬೆರಳಲ್ಲೇ ಹಿಡಿಯುವ ಮನುಷ್ಯನಿಗೆ, ಹೇಳಿದವಳು ನಾನೆಂದು ತಿಳಿಯದೇ?

ವಾಪಸ್ ಬರುವಾಗ ಅವರು ಆಟೋದವನ ಬೆನ್ನಿಗೆ ಹೇಳಿದರು, "ಈ ಕಾಲದಾಗ ಯಾರನ್ನೂ ನಂಬಬಾರದಪಾ."

"ಔನು ಸ್ವಾಮಿ" ಎಂದ ಆಟೋದವನು, ಹಾರ್ನು ಒತ್ತುತ್ತಾ.

"ಮನಿ ಮಂದೀನೂ ನಂಬಬಾರದು."

"ಔನೌನು ಸ್ವಾಮಿ. ನಮ್ಮ ಬಾವಮೈದ..." ಎಂದು ಅವನು ತನ್ನ ಕಥೆ ತೆಗೆದ.

ನಾನು ರಸ್ತೆಯ ಕಡೆ ಮುಖ ಮಾಡಿ ಕಣ್ಣೀರು ನುಂಗಿದೆ. ನುಂಗುವಾಗಲೇ ಹೊಳೆಯಿತು. ಮಾವನವರು ನನಗೆ ಬೈದಿದ್ದರು. ಎಷ್ಟೋ ವರ್ಷಗಳ ಮೇಲೆ, ನಡುವೆ ಒಂದು ಕಿವಿ ಸಿಕ್ಕ ಕೂಡಲೇ, ಪೂರ್ತಿ ವಾಕ್ಯದಲ್ಲಿ ಮಾತಾಡಿದ್ದರು.

ಮರುದಿನ ಮಧ್ಯಾಹ್ನ ಕೆಮ್ಮು ಬಂತು. ನನ್ನ ಕೈ ತಾನಾಗಿ ಕೀಲಿಗೆ ಹೋಯಿತು. ಸದ್ದಾಗಬಾರದೆಂದು ಗಟ್ಟಿಯಾಗಿ ಹಿಡಿದುಕೊಂಡೆ. ಮತ್ತೆ ಕೆಮ್ಮು. ನಮ್ಮ ಅಡುಗೆಮನೆ ಇಕ್ಕಟ್ಟು, ಫ್ರಿಜ್ಜು ಪಡಸಾಲೆಯ ಬಾಗಿಲಲ್ಲೇ ನಿಂತಿದೆ. ಹೋಗಿ ಅದರ ಬಾಗಿಲು ತೆರೆದು, ತಲೆ ಒಳಗಿಟ್ಟು, ಮೊಸರಿನ ಪಾತ್ರೆಯನ್ನು ನೋಡುತ್ತಾ ಹೇಳಿದೆ, "ದೀಪ ಹಚ್ಚೋತನ ಕೊಡಬಾರದಂತ ಡಾಕ್ಟ್ರಮ್ಮ ಹೇಳ್ಯಾರಂತ ಹೇಳು."

ಹೇಳಿದ ಮೇಲೆ ಬಾಗಿಲು ಮುಚ್ಚುವ ಧೈರ್ಯವಾಗಲಿಲ್ಲ. ತಣ್ಣನೆಯ ಗಾಳಿಗೆ ಮುಖ ಕೊಟ್ಟು ನಿಂತೆ. ಈಗ ಕೋಲು ಬಂದು ಬೀಳುತ್ತದೆ, ಈಗ ಮಗನಿಗೆ ಫೋನು ಹೋಗುತ್ತದೆ ಎಂದು ಒಂದೊಂದಾಗಿ ಹೆದರಿದೆ.

"ಆ ಡಾಕ್ಟ್ರಮ್ಮಗ ಬೆನ್ನು ಐತೋ ಇಲ್ಲೋ ಕೇಳು" ಎಂದಿತು ಪಡಸಾಲೆ.

"ಐತಂತ. ಕುರ್ಚಿ ಮ್ಯಾಲ ಕುಂತ್ರ ನೋವು ಕಡಿಮಿ ಅಂತ ಹೇಳು. ಪೂಜಿನೂ ಕುರ್ಚಿ ಮ್ಯಾಲ ಮಾಡಬಹುದಂತ."

"ಕುರ್ಚಿ ಮ್ಯಾಲ ಕುಂತು ಪೂಜಿ ಮಾಡಾಕ ನಾ ಏನ್ ತಹಸೀಲ್ದಾರನಾ?"

ಗುಳಿಗೆ ಮಾತ್ರ ಆ ಮಧ್ಯಾಹ್ನ ಬೀರುವಿನಿಂದ ಹೊರಗೆ ಬರಲಿಲ್ಲ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಅವರಿಗೆ ಆಕಳಿಕೆ, ಮೂಗು ಸೋರುವುದು, ಸೆಖೆಯಲ್ಲೂ ಮೈಮೇಲೆ ಮುಳ್ಳು. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಡಾಕ್ಟರಮ್ಮನಿಗೆ ನಾನು ಮಾಡಿದ ಫೋನಿಗೆ ಲೆಕ್ಕವಿಲ್ಲ. ಕೊನೆಗೆ ಅವರು ಗುಳಿಗೆ ಇಳಿಸುವುದನ್ನು ಇನ್ನೂ ನಿಧಾನ ಮಾಡಿದರು. ಒಂದು ಸಲ ಮಾವನವರು ಪಡಸಾಲೆಯಿಂದ ಅರಚಿದರು, "ಆ ಬೀರುಗ ಬೆಂಕಿ ಹಚ್ಚಂತ ಹೇಳು!" ಅದೇ ಹೊತ್ತಿಗೆ ಮನೆಯೊಳಗೆ ಬಂದ ನಮ್ಮನೆಯವರು ಚಪ್ಪಲಿ ಬಿಡುವುದನ್ನು ಮರೆತು ನಿಂತರು. ಅಪ್ಪ ಫ್ರಿಜ್ಜಿಗೆ ಬೈಯುತ್ತಿದ್ದಾರೆ, ಹೆಂಡತಿ ಫ್ರಿಜ್ಜಿನೊಳಗೆ ತಲೆಯಿಟ್ಟು ಸಮಾಧಾನ ಹೇಳುತ್ತಿದ್ದಾಳೆ.

"ಯಾರಿಗೆ ತಲಿ ಕೆಟ್ಟೈತಿ?" ಎಂದರು.

"ಇನ್ನ ಗೊತ್ತಾಗಿಲ್ರಿ. ನೀವು ಕಾಲು ತೊಳಕೊಂಡು ಬರ್ರಿ" ಎಂದೆ.

ಒಂದು ಮಧ್ಯಾಹ್ನ ಮಾತ್ರ ಕೆಮ್ಮಿನ ಬದಲು ನೇರವಾಗಿ ಮಾತೇ ಬಂತು, ಮೆಲ್ಲಗೆ. "ನಮ್ಮ ತಮ್ಮನೂ ಹಿಂಗ ಬಂದು ಗಾದಿ ಮುಂದ ನಿಂತು ಕೆಮ್ಮತಿದ್ದ ಅಂತ ಹೇಳು. ಬಾಯಿಬಿಟ್ಟು ಕೇಳತಿದ್ದಿಲ್ಲ. ನಾ ಗಲ್ಲಾ ತಗದು ಕೊಟ್ಟುಬಿಡ್ತಿದ್ದೆ. ಇಲ್ಲ ಅನ್ನಾಕ ನನಗ ಬರಲಿಲ್ಲ ಅಂತ ಹೇಳು."

ಫ್ರಿಜ್ಜೇ ಗುಂಯ್ ಎಂದಿತು.

ಈಗ ಅವರು ಪೂಜೆಗೆ ಕುರ್ಚಿಯ ಮೇಲೆ ಕೂರುತ್ತಾರೆ. ಕುರ್ಚಿಯ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಕೂತದ್ದಕ್ಕೆ ಅದು ಕುರ್ಚಿಯಲ್ಲ ಎಂದು ಅವರ ತೀರ್ಮಾನ. ನಾನು ಆ ಹೊತ್ತಿಗೆ ಬೆಳ್ಳುಳ್ಳಿಯ ಮೊರ ಹಿಡಿದು ಬಾಗಿಲ ಬಳಿ, ಅವರಿಗೆ ಬೆನ್ನು ಮಾಡಿ, ಆದರೆ ಕೈ ಚಾಚಿದರೆ ಎಟುಕುವಷ್ಟು ಹತ್ತಿರ ಕೂರುತ್ತೇನೆ. ನಮ್ಮ ಮನೆಗೆ ಅಷ್ಟು ಬೆಳ್ಳುಳ್ಳಿ ಬೇಕಿಲ್ಲ. ನಾನು ಯಾಕೆ ಅಲ್ಲಿ ಕೂರುತ್ತೇನೆ ಎಂದು ಅವರಿಗೂ ಗೊತ್ತು.

ಗುಳಿಗೆ ಮೊದಲಿಗಿಂತ ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನದ ಕೆಮ್ಮು ನಿಂತಿದೆ. ನೆಮ್ಮದಿಯಾಗಬೇಕಿತ್ತು. ಆದರೆ ಸುಮ್ಮನಿರುವ ಪಡಸಾಲೆ ನನಗೆ ಕೆಮ್ಮುವ ಪಡಸಾಲೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನನಗೋಸ್ಕರ ಹಲ್ಲು ಕಚ್ಚಿ ತಡೆದುಕೊಂಡಿದ್ದಾರೋ, ಉಸಿರಾಡುತ್ತಿದ್ದಾರೋ ಇಲ್ಲವೋ? ನಿನ್ನೆ ತಡೆಯಲಾರದೆ ಫ್ರಿಜ್ಜು ತೆರೆದು ಕೇಳಿಯೇಬಿಟ್ಟೆ.

"ನೋವೈತೇನಂತ ಕೇಳು."

"ಐತಿ ಅಂತ ಹೇಳು."

"ತಡಕೊಳ್ಳಾಂಗ ಐತೇನಂತ."

ಪೇಪರು ಮಡಚುವ ಸದ್ದು.

"ಐತಿ. ಆದ್ರ ಆ ಬಾಗಿಲ ತಗದಿಟ್ಟು ಕರೆಂಟ್ ಸುಮ್ಮನ ಉರಸಾಕತ್ತಾಳಲ್ಲ, ಅದನ್ನ ತಡಕೊಳ್ಳಾಕ ಆಗಾಂಗಿಲ್ಲ ಅಂತ ಹೇಳು."

ಬಾಗಿಲು ಮುಚ್ಚಿದೆ. ಅಡುಗೆಮನೆಯತ್ತ ಎರಡು ಹೆಜ್ಜೆ ಇಟ್ಟು, ಸರಿಯಾಗಿ ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಬಂದು, ತೆರೆದು ನೋಡಿ, ಮತ್ತೆ ಮುಚ್ಚಿದೆ.